ಕುಣಿಸಿದವನ ಹೆಸರು

ಕೊಡಗಿನ ಮದುವೆಗಳಲ್ಲಿ ಊಟ ಮುಗಿದ ಕೂಡಲೇ ಯಾರೂ ಮನೆಗೆ ಹೊರಡುವುದಿಲ್ಲ. ವಾಲಗದವರು ಒಂದು ಬದಿಗೆ ನಿಂತು ಶುರು ಮಾಡಿದರೆ ಎಪ್ಪತ್ತು ದಾಟಿದ ಅಜ್ಜಿಯೂ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಾರೆ. ಇಲ್ಲಿ ಕುಣಿಯಲು ಕಲಿತಿರಬೇಕೆಂದಿಲ್ಲ, ಕುಣಿದದ್ದಕ್ಕೆ ನಾಚಬೇಕೆಂದೂ ಇಲ್ಲ. ಮಡಿಕೇರಿಗೆ ಹತ್ತಿರದ ನಮ್ಮ ಗಾಳಿಬೀಡಿನ ಸುತ್ತ ಅರೆಭಾಷೆ ಆಡುವ ಮನೆಗಳಿವೆ, ಕೊಡವ ತಕ್ಕ್ ಆಡುವ ಮನೆಗಳಿವೆ. ಮಾತು ಬೇರೆಯಾದರೂ ವಾಲಗದ ಪೆಟ್ಟಿಗೆ ಹೆಜ್ಜೆ ಹಾಕುವುದು ಎಲ್ಲರಿಗೂ ಗೊತ್ತು.

ಈಗೀಗ ವಾಲಗ ನಿಂತ ಮೇಲೆ ಡಿಜೆ ಬರುತ್ತದೆ. ಹಳೆಯ ಹಾಡುಗಳೆಂದು ಹಾಕುವುದರಲ್ಲಿ ‘ಆಪ್ ಜೈಸಾ ಕೋಯಿ’ ಇದ್ದೇ ಇರುತ್ತದೆ. ಅಂಥದೊಂದು ಮದುವೆಯಲ್ಲಿ ಪಕ್ಕ ಕೂತಿದ್ದ ಕಾಲೇಜು ಹುಡುಗನನ್ನು ಕೇಳಿದೆ: “ಈ ಹಾಡು ಯಾರದ್ದು?” ಅವನು ಫೋನು ನೋಡಿ “ನಾಜಿಯಾ ಹಸನ್” ಎಂದ. “ಹಾಡಿದವರು ಅವರು, ಮಾಡಿದವರು ಯಾರು?” ಎಂದೆ. “ಎರಡೂ ಒಂದೇ ಅಲ್ವಾ ಮಾವ?” ಎಂದು ನಕ್ಕ.

ಎರಡೂ ಒಂದೇ ಅಲ್ಲ. ಆ ಹಾಡನ್ನು ಮಾಡಿದವರು ಕೊಡವ ಮನೆತನದವರು. ಬೆಂಗಳೂರಿನಲ್ಲಿ ಬೆಳೆದು, ಲಂಡನ್ನಿಗೆ ಹೋಗಿ, 1970ರ ದಶಕದ ಬ್ರಿಟಿಷ್ ಡಿಸ್ಕೋ ಸಂಗೀತವನ್ನು ಕಟ್ಟಿದ ಮೊದಲಿಗರಲ್ಲಿ ಒಬ್ಬರಾದರು. ಹೆಸರು ಬಿದ್ದು ಅಪ್ಪಯ್ಯ. ಕೊಡಗಿನವರ ಪಟ್ಟಿ ಕೇಳಿದರೆ ನಾವು ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಎಂದು ಆರಂಭಿಸಿ ಹಾಕಿ ಆಟಗಾರರವರೆಗೆ ಬೆರಳು ಮಡಿಸುತ್ತೇವೆ. ಆ ಪಟ್ಟಿಯಲ್ಲಿ ಈ ಹೆಸರು ಬರುವುದು ಅಪರೂಪ. ಕನ್ನಡ ನಾಡಿನ ಸಂಗೀತದ ಬಗ್ಗೆ ಮಾತಾಡುವಾಗಲೂ ಅಷ್ಟೇ. ಯಾಕೆ ಹೀಗಾಯಿತು ಎಂದು ನೋಡಲು ಅವರ ಬದುಕನ್ನು ಒಮ್ಮೆ ಮೊದಲಿನಿಂದ ಹೇಳಿಕೊಳ್ಳಬೇಕು.

*

ಹೆಸರಿನಿಂದಲೇ ಶುರುಮಾಡೋಣ. ಬಯಲುಸೀಮೆಯ ಕಿವಿಗೆ ‘ಬಿದ್ದು’ ಎಂದರೆ ಬೀಳುವ ಕ್ರಿಯೆ. ಕೊಡಗಿನ ಕಿವಿಗೆ ಅದು ಬಿದ್ದಪ್ಪ ಎಂಬ ಹೆಸರಿನ ಮುದ್ದಿನ ರೂಪದಂತೆ ಕೇಳುತ್ತದೆ, ಮನೆಯ ಹುಡುಗನನ್ನು ಕರೆದ ಹಾಗೆ. ಲಂಡನ್ನಿನಲ್ಲಿ ಅದಕ್ಕೆ ಯಾವ ಅರ್ಥವೂ ಇರಲಿಲ್ಲ. ಚಿಕ್ಕದು, ಒಮ್ಮೆ ಕೇಳಿದರೆ ಮರೆಯುವುದಿಲ್ಲ ಎಂಬುದಷ್ಟೇ ಅಲ್ಲಿ ಅದರ ಗುಣ. ರೆಕಾರ್ಡುಗಳ ಮೇಲೆ ಅವರು ಅಷ್ಟನ್ನೇ ಉಳಿಸಿಕೊಂಡರು.

ಅವರು ಹುಟ್ಟಿದ್ದು 1940ರ ದಶಕದ ನಡುಭಾಗದಲ್ಲಿ, ಬೆಂಗಳೂರಿನಲ್ಲಿ. ಆಗ ಕೊಡಗು ಇನ್ನೂ ಬೇರೆಯೇ ಆಡಳಿತದಲ್ಲಿತ್ತು. 1834ರಲ್ಲಿ ಬ್ರಿಟಿಷರ ಕೈಸೇರಿದ ನಾಡು ಸ್ವಾತಂತ್ರ್ಯದ ನಂತರ ಚಿಕ್ಕ ರಾಜ್ಯವಾಗಿ ಉಳಿದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ಸೇರಿತು. ಆದರೆ ಅದಕ್ಕೂ ಮೊದಲೇ ಸೈನ್ಯ, ವೈದ್ಯಕೀಯ, ಸರ್ಕಾರಿ ನೌಕರಿ ಎಂದು ಕೊಡಗಿನ ಕುಟುಂಬಗಳು ಬೆಂಗಳೂರಿಗೆ ಇಳಿದಿದ್ದವು. ಆ ಬೆಂಗಳೂರು ಎರಡು ಊರು. ಒಂದು ಪೇಟೆ, ಇನ್ನೊಂದು ದಂಡು. 1809ರಲ್ಲಿ ನೆಲೆಯೂರಿದ ದಂಡು ಪ್ರದೇಶದಲ್ಲಿ ಬ್ಯಾಂಡ್ ಸ್ಟ್ಯಾಂಡ್, ಚರ್ಚಿನ ಕ್ವಾಯರ್, ಪಿಯಾನೊ ಅಂಗಡಿ, ಡ್ಯಾನ್ಸ್ ಹಾಲ್ ಎಲ್ಲ ಇದ್ದವು. ಪೇಟೆಯಲ್ಲಿ ರಾಮನವಮಿ ಕಛೇರಿ ನಡೆಯುವಾಗ ಎರಡು ಮೈಲಿ ಆಚೆ ಗಿಟಾರ್ ಶ್ರುತಿ ಮಾಡುವವರಿದ್ದರು. ನಮ್ಮ ಸಾಹಿತ್ಯದಲ್ಲಿ ಪೇಟೆಯ ಬೆಂಗಳೂರು ಸಾಕಷ್ಟು ಬಂದಿದೆ. ದಂಡಿನ ಈ ಸಂಗೀತ ಅಷ್ಟಾಗಿ ಬಂದಿಲ್ಲ.

ಬಿದ್ದು ಅವರಿಗೆ ಪಾಪ್ ಸಂಗೀತ ಸಿಕ್ಕಿದ್ದು ರೇಡಿಯೊ ಸಿಲೋನಿನಿಂದ. ಇದು ಆ ಕಾಲದ ಎಷ್ಟೋ ಜನರ ಕಥೆ. 1952ರಲ್ಲಿ ಕೇಂದ್ರದ ವಾರ್ತಾ ಸಚಿವ ಬಿ.ವಿ. ಕೇಸ್ಕರ್ ಆಕಾಶವಾಣಿಯಿಂದ ಸಿನಿಮಾ ಹಾಡುಗಳನ್ನು ದೂರ ಮಾಡಿದರು. ಜನರ ಕಿವಿ ಶಾಸ್ತ್ರೀಯ ಸಂಗೀತದತ್ತ ತಿರುಗಲಿ ಎಂಬುದು ಅವರ ಆಸೆ. ಜನ ಮಾತ್ರ ರೇಡಿಯೊದ ಮುಳ್ಳನ್ನು ಕೊಲಂಬೊ ಕಡೆಗೆ ತಿರುಗಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ಹಾಕಿದ್ದ ಬಲವಾದ ಟ್ರಾನ್ಸ್‌ಮಿಟರು ಅಲ್ಲಿತ್ತು. ಶಾರ್ಟ್‌ವೇವ್ ಅಲೆಗಳು ಆಕಾಶಕ್ಕೆ ತಾಗಿ ಮರಳುವುದರಿಂದ ನಮ್ಮ ಬೆಟ್ಟಗಳಿಗೂ ಅದು ಕೇಳುತ್ತಿತ್ತು. ಗಾಳಿಮಳೆಯ ದಿನಗಳಲ್ಲಿ ಸದ್ದು ಹತ್ತಿರ ಬಂದು ದೂರ ಹೋಗುತ್ತಿತ್ತು, ಅಷ್ಟೇ. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಎಲ್ಲರಿಗೂ ನೆನಪಿದೆ. ಅದೇ ನಿಲ್ದಾಣದಿಂದ ಇಂಗ್ಲಿಷ್ ಪಾಪ್ ಹಾಡುಗಳೂ ಬರುತ್ತಿದ್ದವು. ಅಭಿರುಚಿ ತಿದ್ದಲು ಹೊರಟ ಒಂದು ಸರ್ಕಾರಿ ಆದೇಶ ಒಂದು ಇಡೀ ತಲೆಮಾರನ್ನು ಬೇರೆ ದೇಶದ ರೇಡಿಯೊಗೆ ಒಪ್ಪಿಸಿದ್ದು ನಮ್ಮ ಸಾಂಸ್ಕೃತಿಕ ಚರಿತ್ರೆಯ ಒಂದು ವಿಚಿತ್ರ. 1957ರಲ್ಲಿ ವಿವಿಧ ಭಾರತಿ ಆರಂಭವಾಗುವ ಹೊತ್ತಿಗೆ ಆ ಕಿವಿಗಳು ಬೇರೆ ದಾರಿ ಹಿಡಿದಿದ್ದವು.

ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಟ್ರಿನಿ ಲೋಪೆಜ್ ಇವರನ್ನು ಕೇಳುತ್ತಾ ಬಿದ್ದು ಗಿಟಾರ್ ಕಲಿತರು. ಗೆಳೆಯರ ಜತೆ ‘ಟ್ರೋಜನ್ಸ್’ ಎಂಬ ತಂಡ ಕಟ್ಟಿದರು. ಆ ತಂಡದ ಸಂಗಾತಿ ಕೆನ್ ಜ್ಞಾನಕನ್ ಮುಂದೆ ದೇವತಾಶಾಸ್ತ್ರದ ವಿದ್ವಾಂಸರಾಗಿ, ಬೆಂಗಳೂರಿನಲ್ಲಿ ಶಿಕ್ಷಣ ಸಂಸ್ಥೆ ಕಟ್ಟಿದವರಾಗಿ ಹೆಸರಾದರು. ಬೆಂಗಳೂರಿನ ಕ್ಲಬ್ಬುಗಳಲ್ಲಿ ನುಡಿಸಿ, ಬೊಂಬಾಯಿ, ಕಲ್ಕತ್ತ ಸುತ್ತಿ, ಪಾರ್ಕ್ ಸ್ಟ್ರೀಟಿನ ಟ್ರಿಂಕಾಸ್‌ನಂಥ ಹೆಸರಾಂತ ಜಾಗದಲ್ಲೂ ಅವರು ಹಾಡಿದರು. ತಂಡ ಚದುರಿದ ಮೇಲೆ ‘ಲೋನ್ ಟ್ರೋಜನ್’ ಎಂದು ಹೆಸರಿಟ್ಟುಕೊಂಡು ಒಬ್ಬರೇ ಹಾಡಿದರು. ಸೇನೆ ಹೋಗಿ ಒಬ್ಬನೇ ಉಳಿದ ಯೋಧ ಎಂಬ ತಮಾಷೆ ಆ ಹೆಸರಿನಲ್ಲಿದೆ.

*

1960ರ ದಶಕದ ಕೊನೆಯಲ್ಲಿ ಅವರು ಇಂಗ್ಲೆಂಡಿಗೆ ಹೊರಟರು. ವಿಮಾನದಲ್ಲಿ ಅಲ್ಲ, ಮಧ್ಯಪ್ರಾಚ್ಯದ ಮೂಲಕ, ಸಿಕ್ಕ ವಾಹನ ಹತ್ತಿಕೊಂಡು. ಕೈಯಲ್ಲಿ ಗಿಟಾರ್ ಇತ್ತು, ಗುರುತಿನವರು ಯಾರೂ ಇರಲಿಲ್ಲ. ಆ ಲಂಡನ್ ಹೊರಗಿನವರನ್ನು ತೋಳು ಚಾಚಿ ಬರಮಾಡಿಕೊಳ್ಳುತ್ತಿದ್ದ ಊರಲ್ಲ. ಕೀನ್ಯಾದಿಂದ ಬರುತ್ತಿದ್ದ ಭಾರತೀಯ ಮೂಲದವರನ್ನು ತಡೆಯಲು ಬ್ರಿಟನ್ 1968ರಲ್ಲಿ ಹೊಸ ವಲಸೆ ಕಾಯ್ದೆ ತಂದಿತು. ಅದೇ ವರ್ಷದ ಏಪ್ರಿಲಿನಲ್ಲಿ ಎನೋಕ್ ಪೊವೆಲ್ ವಲಸಿಗರ ವಿರುದ್ಧ ತಮ್ಮ ಕುಖ್ಯಾತ ಭಾಷಣ ಮಾಡಿದರು. ಭಾರತೀಯನೊಬ್ಬ ಸಿತಾರ್ ಹಿಡಿದು ಬಂದರೆ ಅಲ್ಲಿ ಗೌರವವಿತ್ತು, ರವಿಶಂಕರ್ ಆ ದಾರಿ ಮಾಡಿಕೊಟ್ಟಿದ್ದರು. ಅದೇ ಭಾರತೀಯ ಎಲೆಕ್ಟ್ರಿಕ್ ಗಿಟಾರ್ ಹಿಡಿದು, ನಿಮ್ಮದೇ ಸಂಗೀತವನ್ನು ನಿಮಗೇ ಮಾಡಿಕೊಡುತ್ತೇನೆ ಎಂದರೆ ಕೇಳುವವರು ಕಡಿಮೆ.

ಅವರು ಸಣ್ಣಪುಟ್ಟ ಕೆಲಸ ಮಾಡಿ ಹಣ ಕೂಡಿಟ್ಟು, ಸ್ಟುಡಿಯೊವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು ಹಾಡು ಮುದ್ರಿಸಿದರು. ಮೊದಲು ತಾವೇ ಹಾಡಿದರು, ಅದು ಓಡಲಿಲ್ಲ. ನಿಧಾನಕ್ಕೆ ಗಾಜಿನ ಆ ಬದಿಯಿಂದ ಈ ಬದಿಗೆ ಬಂದರು. ಹಾಡುವವನ ಜಾಗ ಬಿಟ್ಟು, ಹಾಡಿಸುವವನ ಜಾಗದಲ್ಲಿ ಕೂತರು. 1969ರಲ್ಲಿ ಜಪಾನಿನ ‘ಟೈಗರ್ಸ್’ ತಂಡ ಲಂಡನ್ನಿನಲ್ಲಿ ಮುದ್ರಿಸಿದ ‘ಸ್ಮೈಲ್ ಫಾರ್ ಮಿ’ ಅವರ ಕೈಯಿಂದ ಬಂದ ಮೊದಲ ದೊಡ್ಡ ಗೆಲುವು. ಬರೆದವರು ಬೀ ಗೀಸ್ ತಂಡದ ಸೋದರರು, ಹಾಡಿದವರು ಜಪಾನಿಯರು, ಮಾಡಿಸಿದವರು ಬೆಂಗಳೂರಿನವರು.

ಈ ‘ಮಾಡಿಸುವ’ ಕೆಲಸವನ್ನು ಇಂಗ್ಲಿಷಿನವರು ಪ್ರೊಡ್ಯೂಸರ್ ಎನ್ನುತ್ತಾರೆ. ನಮ್ಮಲ್ಲಿ ಆ ಪದ ಕೇಳಿದರೆ ದುಡ್ಡು ಹಾಕುವ ಸಿನಿಮಾ ನಿರ್ಮಾಪಕ ನೆನಪಾಗುತ್ತಾನೆ. ರೆಕಾರ್ಡಿನ ಪ್ರೊಡ್ಯೂಸರ್ ಬೇರೆ. ಯಾವ ಹಾಡು, ಯಾವ ಗಂಟಲು, ಎಷ್ಟು ವೇಗ, ಎಲ್ಲಿ ಪಿಟೀಲು ಏಳಬೇಕು, ಎಲ್ಲಿ ಡ್ರಮ್ ಒಂದೇ ಉಳಿಯಬೇಕು, ಕೊನೆಗೆ ಯಾವ ಸದ್ದು ಮುಂದೆ ಯಾವುದು ಹಿಂದೆ ಎಂದು ತೀರ್ಮಾನಿಸುವವನು ಅವನು. ಅಡಿಗೆ ಭಟ್ಟರಿದ್ದ ಹಾಗೆ. ಊಟ ಚೆನ್ನಾಗಿದ್ದರೆ ಜನ ಹೊಗಳುವುದು ಮದುವೆಮನೆಯವರನ್ನು.

*

1974ರ ‘ಕುಂಗ್ ಫು ಫೈಟಿಂಗ್’ ಕಥೆಯನ್ನು ಹಲವರು ಹೇಳಿದ್ದಾರೆ. ಜಮೈಕಾದಲ್ಲಿ ಹುಟ್ಟಿದ ಗಾಯಕ ಕಾರ್ಲ್ ಡಗ್ಲಸ್‌ರಿಂದ ಬಿದ್ದು ಒಂದು ಪ್ರೇಮಗೀತೆ ಹಾಡಿಸುತ್ತಿದ್ದರು. ಲ್ಯಾರಿ ವೈಸ್ ಬರೆದ ಆ ಹಾಡು ರೆಕಾರ್ಡಿನ ಮುಂಬದಿಗೆ. ಮೂರು ಗಂಟೆಯ ಅವಧಿಯಲ್ಲಿ ಬಹುಪಾಲು ಅದಕ್ಕೇ ಹೋಯಿತು. ಹಿಂಬದಿಗೂ ಒಂದು ಹಾಡು ಬೇಕಲ್ಲ, ನಿನ್ನ ಹತ್ತಿರ ಏನಾದರೂ ಇದೆಯೇ ಎಂದು ಡಗ್ಲಸ್‌ರನ್ನು ಕೇಳಿದರು. ಅವರು ತೋರಿಸಿದ ಸಾಹಿತ್ಯಗಳಲ್ಲಿ ಕುಂಗ್ ಫು ಕುರಿತದ್ದನ್ನು ಆರಿಸಿ, ಅದಕ್ಕೆ ಧಾಟಿ ಕೂಡಿಸಿ, ಉಳಿದ ಹತ್ತು ನಿಮಿಷದಲ್ಲಿ ಮುದ್ರಿಸಿ ಮುಗಿಸಿದರು. ಹಿಂಬದಿಯ ಹಾಡನ್ನು ಯಾರು ಕೇಳುತ್ತಾರೆ ಎಂದು ‘ಹೂ’, ‘ಹಾ’ ಎಂಬ ಹೊಡೆತದ ಉದ್ಗಾರಗಳನ್ನೂ ಸೇರಿಸಿದರು. ಪೈ ರೆಕಾರ್ಡ್ಸ್ ಕಂಪನಿಯ ರಾಬಿನ್ ಬ್ಲಾಂಚ್‌ಫ್ಲವರ್ ಎರಡನ್ನೂ ಕೇಳಿ, ಹಿಂಬದಿಯದೇ ಮುಂಬದಿಗೆ ಬರಬೇಕು ಎಂದರು.

ಮೊದಲ ವಾರಗಳಲ್ಲಿ ರೇಡಿಯೊ ಆ ಹಾಡನ್ನು ಮೂಸಿಯೂ ನೋಡಲಿಲ್ಲ. ಡ್ಯಾನ್ಸ್ ಕ್ಲಬ್ಬುಗಳು ಎತ್ತಿಕೊಂಡವು. ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನ, ಡಿಸೆಂಬರಿನಲ್ಲಿ ಅಮೆರಿಕದ ಪಟ್ಟಿಯಲ್ಲೂ ಮೊದಲ ಸ್ಥಾನ. ಒಟ್ಟು 1 ಕೋಟಿ 10 ಲಕ್ಷ ಪ್ರತಿ ಮಾರಾಟವಾಯಿತು ಎಂಬ ಲೆಕ್ಕ ಎಲ್ಲೆಡೆ ಹೇಳಲಾಗುತ್ತದೆ. ಬ್ರೂಸ್ ಲೀ ತೀರಿಕೊಂಡು ಒಂದು ವರ್ಷ ದಾಟಿತ್ತು. ಕುಂಗ್ ಫು ಸಿನಿಮಾಗಳ ಹುಚ್ಚು ಇಳಿದಿರಲಿಲ್ಲ. ಕಾಲವೂ ಕೂಡಿಬಂತು ಎನ್ನೋಣ.

ಅದನ್ನು ಈಗ ಕೇಳಿದರೆ ಎರಡು ವಿಷಯ ಕಾಣುತ್ತವೆ. ಮೊದಲನೆಯದು, ಅದು ಎರಡು ಸಂಗೀತಗಳ ಹೊಸ್ತಿಲ ಮೇಲಿದೆ. ಫಂಕ್ ಎಂದರೆ ಜೇಮ್ಸ್ ಬ್ರೌನ್ ಮತ್ತವರ ವಾದ್ಯಗಾರರು ಅಮೆರಿಕದ ಕಪ್ಪುಜನರ ಸಂಗೀತದಿಂದ ತೆಗೆದ ಬಗೆ. ಮೊದಲ ಮಾತ್ರೆಗೆ ಬಲವಾದ ಒತ್ತು, ಬೇಸ್ ಗಿಟಾರ್ ಮುಂದೆ, ಪೆಟ್ಟುಗಳ ನಡುವೆ ಬಿಟ್ಟ ಮೌನದಲ್ಲೇ ಮೈ ತೂಗಬೇಕು. ಡಿಸ್ಕೋ ಆ ಮೌನವನ್ನು ತುಂಬಿತು. ನಾಲ್ಕು ಮಾತ್ರೆಗೂ ತಪ್ಪದೆ ದೊಡ್ಡ ಡ್ರಮ್ಮಿನ ಪೆಟ್ಟು, ನಡುನಡುವೆ ತಾಳದಂಥ ಹೈ-ಹ್ಯಾಟ್, ಮೇಲೆ ಪಿಟೀಲುಗಳ ಹಿಂಡು. ಫಂಕ್‌ಗೆ ಕುಣಿಯಲು ಸ್ವಲ್ಪ ಬರಬೇಕು. ಡಿಸ್ಕೋಗೆ ಯಾರೂ ಕುಣಿಯಬಹುದು. ಅದರ ದೌರ್ಬಲ್ಯ ಎಂದು ಹಳಿದವರಿದ್ದಾರೆ, ಅದರ ಔದಾರ್ಯ ಎಂದೂ ಹೇಳಬಹುದು.

ಎರಡನೆಯದು, ಆ ಹಾಡಿನ ಚೀನಾ ನಿಜವಾದ ಚೀನಾ ಅಲ್ಲ. ಆರಂಭದ ಆ ನಾಲ್ಕಾರು ಸ್ವರಗಳು ‘ಪೂರ್ವದೇಶ’ ಎಂದು ಸೂಚಿಸಲು ಪಶ್ಚಿಮದ ನಾಟಕ, ಸಿನಿಮಾಗಳು ಬಹಳ ಹಿಂದಿನಿಂದ ಬಳಸಿ ಸವೆದದ್ದು. ಸಾಹಿತ್ಯದಲ್ಲಿ ಇಂದು ಕಿವಿಗೆ ಮುಳ್ಳಾಗುವ ಪದವೂ ಇದೆ. ಅದನ್ನು ಬರೆದವರು ಕೆರಿಬಿಯನ್ ಮೂಲದವರು, ರೂಪಿಸಿದವರು ಭಾರತೀಯರು. ತಮ್ಮನ್ನೇ ಹೀಗೆ ನಾಲ್ಕು ಸ್ವರಕ್ಕೆ ಇಳಿಸಿ ನೋಡುತ್ತಿದ್ದ ಊರಿನಲ್ಲಿ ಇಬ್ಬರು ವಲಸಿಗರು ಮೂರನೆಯವರನ್ನು ಅದೇ ರೀತಿ ಇಳಿಸಿ ಗೆದ್ದರು. ಹೆಮ್ಮೆಪಡುವಾಗ ಇದನ್ನು ಬಿಟ್ಟು ಹೇಳಿದರೆ ಅದು ಚರಿತ್ರೆಯಾಗುವುದಿಲ್ಲ, ಅಭಿಮಾನಿ ಸಂಘದ ಕರಪತ್ರವಾಗುತ್ತದೆ.

ರೆಕಾರ್ಡಿನ ಮೇಲೆ ಗೀತೆ ಬರೆದವರೆಂದು ಇರುವುದು ಡಗ್ಲಸ್ ಹೆಸರು. ಹಾಡಿದ್ದೂ ಅವರೇ. ಬಿದ್ದು ಹೆಸರು ಪ್ರೊಡ್ಯೂಸರ್ ಎಂಬ ಪದದ ಪಕ್ಕ. ಹಾಡು ಜಗತ್ತೆಲ್ಲ ಸುತ್ತಿತು, 2008ರ ‘ಕುಂಗ್ ಫು ಪಾಂಡಾ’ ಚಿತ್ರದಲ್ಲಿ ಮತ್ತೆ ಹುಟ್ಟಿ ಮಕ್ಕಳ ಬಾಯಿಗೂ ಬಂತು. ಆ ಪುಟ್ಟ ಸಾಲು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

*

ಮುಂದಿನ ನಾಲ್ಕೈದು ವರ್ಷ ಅವರ ಕೈ ತುಂಬಾ ಕೆಲಸ. 1976ರ ಮಾರ್ಚಿನಲ್ಲಿ ಟೀನಾ ಚಾರ್ಲ್ಸ್ ಹಾಡಿದ ‘ಐ ಲವ್ ಟು ಲವ್’ ಬ್ರಿಟನ್ನಿನಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಜಿಮ್ಮಿ ಜೇಮ್ಸ್ ಮತ್ತವರ ತಂಡಕ್ಕೂ ಹಾಡು ಮಾಡಿಕೊಟ್ಟರು. ‘ಬಿದ್ದು ಆರ್ಕೆಸ್ಟ್ರಾ’ ಹೆಸರಿನಲ್ಲಿ ಹೆಚ್ಚಾಗಿ ವಾದ್ಯಸಂಗೀತದ ರೆಕಾರ್ಡುಗಳು ಬಂದವು. 1975ರ ‘ಸಮ್ಮರ್ ಆಫ್ ಫಾರ್ಟಿಟೂ’ ಬ್ರಿಟನ್ನಿನ ಮೊದಲ ಇಪ್ಪತ್ತರೊಳಗೆ ಬಂತು, ಮರುವರ್ಷ ‘ರೇನ್ ಫಾರೆಸ್ಟ್’. ‘ಈಸ್ಟರ್ನ್ ಮ್ಯಾನ್’ ಎಂಬ ಆಲ್ಬಮ್ಮೂ ಬಂತು. ಆ ಶೀರ್ಷಿಕೆಯಲ್ಲಿ ಮಾತ್ರ ತಾನು ಎಲ್ಲಿಯವನು ಎಂದು ಸಣ್ಣಗೆ ಹೇಳಿಕೊಂಡ ಹಾಗಿದೆ. ಟೀನಾ ಚಾರ್ಲ್ಸ್ ಅವರ ವಾದ್ಯತಂಡದಲ್ಲಿ ಬೇಸ್ ನುಡಿಸುತ್ತಿದ್ದ ಟ್ರೆವರ್ ಹಾರ್ನ್ 1980ರ ದಶಕದಲ್ಲಿ ಬ್ರಿಟನ್ನಿನ ಅತಿ ದೊಡ್ಡ ಪ್ರೊಡ್ಯೂಸರುಗಳಲ್ಲಿ ಒಬ್ಬರಾದರು. ಗಾಜಿನ ಈ ಬದಿಯ ಕೆಲಸವೇನೆಂದು ಅವರು ಹತ್ತಿರದಿಂದ ಕಂಡವರಲ್ಲಿ ಬಿದ್ದು ಒಬ್ಬರು.

ಇವೆಲ್ಲದರಲ್ಲಿ ಕೊಡಗಿನ ವಾಲಗದ ಗತಿ ಎಲ್ಲಿದೆ ಎಂದು ಹುಡುಕುವ ಆಸೆ ನಮ್ಮವರಿಗೆ ಬರುತ್ತದೆ. ನನಗೂ ಬಂದಿತ್ತು. ಹುಡುಕಿ ಪ್ರಯೋಜನವಿಲ್ಲ. ಆ ಸಂಗೀತ ಅಮೆರಿಕದ ಸೋಲ್ ಸಂಗೀತದಿಂದ, ಲಂಡನ್ನಿನ ಬಾಡಿಗೆ ವಾದ್ಯಗಾರರಿಂದ, ಕೊಲಂಬೊದಿಂದ ಬೆಂಗಳೂರಿಗೆ ಬಂದ ಅಲೆಗಳಿಂದ ಹುಟ್ಟಿದ್ದು. ಮನುಷ್ಯ ತನ್ನ ಊರಿನ ಗುರುತನ್ನು ಎಲ್ಲದರ ಮೇಲೂ ಒತ್ತಲೇಬೇಕೆಂದಿಲ್ಲ. ಊರಿನ ಗುರುತಿಲ್ಲದ ಮಾತ್ರಕ್ಕೆ ಅವನು ಊರಿನವನಲ್ಲ ಎಂದೂ ಅಲ್ಲ.

*

ಅವರನ್ನು ಮತ್ತೆ ಈ ಕಡೆಗೆ ಎಳೆದವರು ಇನ್ನೊಬ್ಬ ಬೆಂಗಳೂರಿಗರು. ನಟ, ನಿರ್ದೇಶಕ ಫಿರೋಜ್ ಖಾನ್ ಹುಟ್ಟಿದ್ದು ಬೆಂಗಳೂರಿನಲ್ಲಿ, 2009ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ‘ಕುರ್ಬಾನಿ’ ಚಿತ್ರ ಮಾಡುವಾಗ ಅವರಿಗೆ ಒಂದೇ ಒಂದು ಹಾಡು ಬೇರೆ ಥರ ಬೇಕಿತ್ತು. ಉಳಿದ ಸಂಗೀತವೆಲ್ಲ ಕಲ್ಯಾಣ್‌ಜಿ ಆನಂದ್‌ಜಿಯವರದು. ಆ ಒಂದಕ್ಕೆ ಬಿದ್ದು ಅವರನ್ನು ಕೇಳಿದರು. ಹಾಡಲು ಸಿಕ್ಕಿದ್ದು ಲಂಡನ್ನಿನಲ್ಲಿದ್ದ ಪಾಕಿಸ್ತಾನಿ ಕುಟುಂಬದ ಹುಡುಗಿ, 1965ರಲ್ಲಿ ಕರಾಚಿಯಲ್ಲಿ ಹುಟ್ಟಿದ ನಾಜಿಯಾ ಹಸನ್. ಸಾಹಿತ್ಯ ಇಂದೀವರ್ ಅವರದು.

ಹಿಂದಿ ಸಿನಿಮಾ ಹಾಡು ಎಂದರೆ ಅಂದು ಲತಾ, ಆಶಾ. ಪಳಗಿದ ಕಂಠ, ಅದರ ಹಿಂದೆ ನೂರು ವಾದ್ಯ. ಬಿದ್ದು ತಿರುವುಮುರುವು ಮಾಡಿದರು. ಪಳಗದ ಎಳೆಯ ಕಂಠವನ್ನೇ ತೆಗೆದುಕೊಂಡು, ಅದನ್ನೇ ಪದರದ ಮೇಲೆ ಪದರವಾಗಿ ಮುದ್ರಿಸಿ, ಸುತ್ತ ಹೆಚ್ಚು ವಾದ್ಯ ತುಂಬದೆ ಜಾಗ ಬಿಟ್ಟರು. ಗಮಕವಿಲ್ಲ, ಏರಿಳಿತದ ಚಮತ್ಕಾರವಿಲ್ಲ. ಹದಿನೈದರ ಹುಡುಗಿ ತನ್ನಷ್ಟಕ್ಕೆ ಗುನುಗಿದಂತೆ ಕೇಳುವ ಆ ಹಾಡಿಗೆ ತೆರೆಯ ಮೇಲೆ ಜೀನತ್ ಅಮಾನ್ ಹೆಜ್ಜೆ ಹಾಕಿದರು. 1980ರಲ್ಲಿ ಚಿತ್ರ ಬಂತು. ಮರುವರ್ಷ ನಾಜಿಯಾ ಅತ್ಯುತ್ತಮ ಗಾಯಕಿಯೆಂದು ಫಿಲಂಫೇರ್ ಪ್ರಶಸ್ತಿ ಪಡೆದರು. ಆ ಪ್ರಶಸ್ತಿ ಪಡೆದವರಲ್ಲಿ ಅಷ್ಟು ಚಿಕ್ಕ ವಯಸ್ಸಿನವರು ಬೇರೆ ಇಲ್ಲ.

1981ರ ‘ಡಿಸ್ಕೋ ದೀವಾನೆ’ ಅದಕ್ಕಿಂತ ಮುಂದಿನ ಹೆಜ್ಜೆ. ನಾಜಿಯಾ ಮತ್ತು ತಮ್ಮ ಜೊಹೇಬ್ ಹಾಡಿದ ಈ ಆಲ್ಬಮ್ಮಿನ ಹಿಂದೆ ಯಾವ ಸಿನಿಮಾವೂ ಇಲ್ಲ, ನಾಯಕ ನಾಯಕಿಯರಿಲ್ಲ. ಆದರೂ ಎರಡೂ ದೇಶಗಳಲ್ಲಿ ಕೈಯಿಂದ ಕೈಗೆ ಹೋಯಿತು. 1971ರ ಯುದ್ಧ ಮುಗಿದು ಹತ್ತೇ ವರ್ಷ. ಕರಾಚಿಯ ಮಕ್ಕಳು, ಬೆಂಗಳೂರಿನ ಸಂಗೀತಗಾರ, ಲಂಡನ್ನಿನ ಸ್ಟುಡಿಯೊ. ಯಾವ ಶಾಂತಿ ಒಪ್ಪಂದದ ಅಂಗವಾಗಿಯೂ ಅದು ಆದದ್ದಲ್ಲ. ಹಾಡು ಚೆನ್ನಾಗಿತ್ತು, ಜನ ಕೊಂಡರು. ಮುಂದೆ ‘ಸ್ಟಾರ್’ ಚಿತ್ರದ ಹಾಡುಗಳು, ‘ಯಂಗ್ ತರಂಗ್’ ಎಲ್ಲ ಬಂದವು. 2000ದ ಆಗಸ್ಟಿನಲ್ಲಿ ನಾಜಿಯಾ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ ಮೂವತ್ತೈದೇ ವರ್ಷ.

ಸಿನಿಮಾದ ಹೊರಗೆ ಹಾಡು ಬದುಕಬಹುದು ಎಂಬುದು ಹಿಂದಿಯವರಿಗೆ ಹೊಸದಾಗಿ ಕಂಡಿರಬಹುದು. ಕನ್ನಡದಲ್ಲಿ ಅದೇ ಹೊತ್ತಿಗೆ ಇನ್ನೊಂದು ದಾರಿಯಲ್ಲಿ ಅದು ಆಗಿತ್ತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಬಂದು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರ ರಾಗಸಂಯೋಜನೆಗಳು ಮನೆಮನೆಗೆ ಹೋದವು. ಎರಡಕ್ಕೂ ಆಧಾರ ಅಗ್ಗದ ಕ್ಯಾಸೆಟ್ಟು. ಒಂದು ದಾರಿ ಕವಿತೆಯನ್ನು ಹಿಡಿದು ಹೋಯಿತು, ಇನ್ನೊಂದು ಕುಣಿತವನ್ನು. ನಮ್ಮ ಸುಗಮ ಸಂಗೀತದಲ್ಲಿ ಕವಿಯ ಹೆಸರನ್ನು, ರಾಗ ಹಾಕಿದವರ ಹೆಸರನ್ನು ಹೇಳಿಯೇ ಹಾಡು ಶುರುಮಾಡುವ ಒಳ್ಳೆಯ ರೂಢಿ ಬೆಳೆಯಿತು. ಕುಣಿತದ ಹಾಡಿಗೆ ಆ ಮರ್ಯಾದೆ ಸಿಗಲಿಲ್ಲ. ಗಂಭೀರವಾಗಿ ಕೂತು ಕೇಳುವುದಕ್ಕೆ ಕರ್ತೃ ಇರುತ್ತಾನೆ, ಎದ್ದು ಕುಣಿಯುವುದಕ್ಕೆ ಇರುವುದಿಲ್ಲ ಎಂಬ ಭಾವನೆ ನಮ್ಮೊಳಗೆ ಎಲ್ಲೋ ಕೂತಿದೆ. ಡಿಸ್ಕೋದ ಗಾಳಿ ಕನ್ನಡ ಸಿನಿಮಾಕ್ಕೂ ಬೀಸಿತ್ತು. ಶಂಕರ್ ನಾಗ್ ಅವರ ‘ಗೀತಾ’ ಚಿತ್ರಕ್ಕೆ 1981ರಲ್ಲಿ ಇಳಯರಾಜ ಮಾಡಿದ ‘ಸಂತೋಷಕ್ಕೆ’ ಹಾಡಿಗೆ ಇಂದಿಗೂ ಕಾಲೇಜು ಡೇಗಳಲ್ಲಿ ಕುಣಿಯುತ್ತಾರೆ. ಅದು ಶಂಕರ್ ನಾಗ್ ಹಾಡು ಎನ್ನುವವರೇ ಹೆಚ್ಚು.

*

1990ರ ದಶಕದಲ್ಲಿ ಬಿದ್ದು ಮತ್ತೊಮ್ಮೆ ಬಂದರು. ಆರ್ಥಿಕ ಉದಾರೀಕರಣ, ಉಪಗ್ರಹ ಟಿವಿ, ದಿನವಿಡೀ ಹಾಡು ತೋರಿಸುವ ವಾಹಿನಿಗಳು ಬಂದ ಕಾಲ. 1995ರಲ್ಲಿ ಅಲಿಶಾ ಚಿನಾಯ್ ಹಾಡಿದ ‘ಮೇಡ್ ಇನ್ ಇಂಡಿಯಾ’ ಆ ಕಾಲದ ಗುರುತಾಯಿತು. ಬಿದ್ದು ಮೊದಲು ಅದನ್ನು ನಾಜಿಯಾ ಅವರಿಗೆಂದು ಯೋಚಿಸಿದ್ದರು. ಅಷ್ಟರಲ್ಲಿ ಅವರು ಹಾಡುವುದನ್ನು ಬಿಟ್ಟಿದ್ದರು, ಆ ಶೀರ್ಷಿಕೆಯ ಹಾಡನ್ನು ಪಾಕಿಸ್ತಾನದ ಗಾಯಕಿ ಹಾಡುವುದೂ ಸುಲಭವಿರಲಿಲ್ಲ. ಡಿಸ್ಕೋ ಕಾಲದಲ್ಲಿ ಸರಾಗವಾಗಿ ದಾಟಿದ್ದ ಗಡಿ ಈಗ ಹಾಡಿನ ಹೆಸರಿನಲ್ಲೇ ಎದ್ದು ನಿಂತಿತ್ತು.

ಆ ಹಾಡು ದೇಶಪ್ರೇಮದ ಗೀತೆಯಂತೆ ಕಂಡರೂ ಅದರ ಜಾತಕ ಬೇರೆ. ವಿದೇಶಿ ಸರಕು ಸಲೀಸಾಗಿ ಒಳಬರತೊಡಗಿದ ವರ್ಷಗಳಲ್ಲಿ, ಮೂರು ದಶಕ ಹೊರದೇಶದಲ್ಲಿದ್ದ ಒಬ್ಬರು, ಇಲ್ಲಿನದೇ ಬೇಕು ಎನ್ನುವ ಹಾಡನ್ನು ಮಾಡಿದರು. 2010ರಲ್ಲಿ ತಮ್ಮ ಆತ್ಮಕಥೆಗೂ ಅದೇ ಹೆಸರಿಟ್ಟರು. ಬೇರೆಯವರ ಕಂಠದಲ್ಲಿ ಬದುಕು ಕಳೆದವರು ಕೊನೆಗೆ ತಮ್ಮ ಕಥೆಯನ್ನು ತಾವೇ ಹೇಳಬೇಕಾಯಿತು. ಆತ್ಮಕಥೆಯಲ್ಲಿ ಮಾತ್ರ ಗಾಜಿನ ಹಿಂದೆ ಅಡಗಲು ಜಾಗವಿಲ್ಲ.

ಹಾಡುಗಳು ಇನ್ನೂ ಓಡುತ್ತಿವೆ. 2012ರಲ್ಲಿ ‘ಸ್ಟೂಡೆಂಟ್ ಆಫ್ ದಿ ಇಯರ್’ ಚಿತ್ರದಲ್ಲಿ ‘ಡಿಸ್ಕೋ ದೀವಾನೆ’ ಹೊಸ ರೂಪದಲ್ಲಿ ಬಂತು. 2022ರಲ್ಲಿ ‘ಆಪ್ ಜೈಸಾ ಕೋಯಿ’ಯೂ ಇನ್ನೊಂದು ಹಿಂದಿ ಚಿತ್ರದಲ್ಲಿ ಮರುಹುಟ್ಟು ಪಡೆಯಿತು. ಪ್ರತಿ ಸಲ ಹಾಡಿಗೆ ಹೊಸ ಮುಖ, ಹೊಸ ಹೆಸರು ಅಂಟಿಕೊಳ್ಳುತ್ತದೆ. ಮಾಡಿದವರ ಹೆಸರು ಇನ್ನೊಂದು ಸಾಲು ಕೆಳಗೆ ಇಳಿಯುತ್ತದೆ.

*

ನಮ್ಮ ಜಿಲ್ಲೆಗೆ ಈ ಪ್ರಶ್ನೆ ಹೊಸದಲ್ಲ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪ ‘ಪಟ್ಟೋಲೆ ಪಳಮೆ’ ಪ್ರಕಟಿಸಿದರು. ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದ ಅವರು ಕೊಡವ ತಕ್ಕಿನ ಹಾಡು, ಗಾದೆ, ಪದ್ಧತಿಗಳನ್ನು ಕೇಳಿ ಕೂಡಿಸಿ ಕನ್ನಡ ಲಿಪಿಯಲ್ಲಿ ಬರೆದಿಟ್ಟರು. ದುಡಿ ಹಿಡಿದು ಇಬ್ಬರು ಹೇಳಿ ಇಬ್ಬರು ತಿರುಗಿ ಹೇಳುವ ಆ ಹಾಡುಗಳನ್ನು ಮೊದಲು ಕಟ್ಟಿದವರು ಯಾರೆಂದು ಹಾಡುವವರೂ ಕೇಳುತ್ತಿರಲಿಲ್ಲ. ಹಾಡು ಗೆದ್ದರೆ ಕಟ್ಟಿದವನು ಮರೆಯಾಗುತ್ತಾನೆ. ಜನಪದಕ್ಕೆ ಅದು ಸಹಜ ಎಂದು ನಾವು ಪಾಠ ಮಾಡುತ್ತೇವೆ. ಆ ಪುಸ್ತಕ ಬಂದ ಸರಿಯಾಗಿ ಐವತ್ತು ವರ್ಷಕ್ಕೆ, 1974ರಲ್ಲಿ, ಕೊಡಗಿನ ಮೂಲದ ಇನ್ನೊಬ್ಬರು ಹತ್ತು ನಿಮಿಷದಲ್ಲಿ ಮುಗಿಸಿದ ಹಾಡಿಗೂ ಅದೇ ಗತಿ ಬಂತು. ಅಚ್ಚು, ಮುದ್ರಣ, ಹಕ್ಕುಪತ್ರ ಎಲ್ಲ ಇದ್ದ ಕಾಲದಲ್ಲಿ. ಆದ್ದರಿಂದ ಇದು ಬರೀ ಸಹಜವಲ್ಲ. ಕುಣಿಸುವ ಕೆಲಸವನ್ನು ಕೆಲಸವೆಂದು ಲೆಕ್ಕಕ್ಕೆ ಹಿಡಿಯದ ನಮ್ಮ ಅಭ್ಯಾಸವೂ ಇದರಲ್ಲಿದೆ.

ಹಾಗೆ ಹೇಳಿಕೊಂಡಾಗ ಮೊದಲು ನೆನಪಾಗಬೇಕಾದವರು ಬಿದ್ದು ಅವರೂ ಅಲ್ಲ. ನಮ್ಮ ಮದುವೆಗಳಿಗೆ ವಾಲಗ ತರುವವರು. ಅವರು ಬಹುಮಟ್ಟಿಗೆ ಮದುವೆಮನೆಯವರ ಸಮುದಾಯದವರಲ್ಲ. ಬಿದಿರಿನ ಕೆಲಸಕ್ಕೆ ಹೆಸರಾದ ಮೇದರಂಥ ಜನ ತಲೆಮಾರುಗಳಿಂದ ಈ ನಾಡನ್ನು ಕುಣಿಸಿದ್ದಾರೆ. ಅಂಗಳದ ಬದಿಯಲ್ಲಿ ನಿಂತು ಬಾರಿಸಿ, ಕೊನೆಯ ಪಂಕ್ತಿಯಲ್ಲಿ ಉಂಡು ಹೊರಡುತ್ತಾರೆ. ಅವರಿಗೆ ಲಂಡನ್ ಇಲ್ಲ, ಆತ್ಮಕಥೆ ಇಲ್ಲ, ರೆಕಾರ್ಡಿನ ಮೇಲೆ ಪುಟ್ಟ ಅಕ್ಷರದ ಸಾಲೂ ಇಲ್ಲ. ಬಿದ್ದು ಅವರ ಹೆಸರನ್ನು ನಮ್ಮ ಪಟ್ಟಿಗೆ ಸೇರಿಸಿ ಎಂದು ಕೇಳುವವನು ಈ ಹೆಸರುಗಳನ್ನು ಕೇಳದೆ ಬಿಟ್ಟರೆ ಅದು ನ್ಯಾಯವಾಗುವುದಿಲ್ಲ.

ಆ ಮದುವೆಯಲ್ಲಿ ಹುಡುಗನಿಗೆ ಇಷ್ಟೆಲ್ಲ ಹೇಳಲಾಗಲಿಲ್ಲ. ಬಿದ್ದು ಅಪ್ಪಯ್ಯ ಎಂಬ ಹೆಸರನ್ನಷ್ಟೇ ಹೇಳಿದೆ. “ನಮ್ಮ ಕಡೆಯವರಾ?” ಎಂದು ಕಣ್ಣರಳಿಸಿ, ಫೋನಿನಲ್ಲಿ ಹುಡುಕತೊಡಗಿದ. ನಾನು ಎದ್ದು ಹಿಂದಿನ ಜಗಲಿಗೆ ಹೋದೆ. ವಾಲಗದವರು ವಾದ್ಯಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಎಷ್ಟೋ ವರ್ಷದಿಂದ ಅವರ ಪೆಟ್ಟಿಗೆ ಕುಣಿದಿದ್ದೇನೆ. ಅವತ್ತು ಮೊದಲ ಸಲ ಹಿರಿಯರೊಬ್ಬರ ಹತ್ತಿರ ಕೂತು ಹೆಸರು ಕೇಳಿದೆ. ಅವರು ನನ್ನ ಮುಖ ನೋಡಿ, ಏನು ತಪ್ಪಾಯಿತೋ ಎಂಬಂತೆ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಹೇಳಿದರು.